ಬೀಗ ಹಾಕಿದ ಗೇಟಿನ ಮುಂದೆ ಇನ್ನೊಬ್ಬರು ನಿಲ್ಲಬಾರದು

ಸಂಪಾದಕರಿಗೆ ನಮಸ್ಕಾರ.

ನಾನು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಹದಿನಾರು ವರ್ಷ ಕುಡಿದೆ. ಬಿಟ್ಟು ಈಗ 14 ತಿಂಗಳು. ನಮ್ಮೂರಲ್ಲಿ ಎಣ್ಣೆ ಎಲ್ಲಿ ಸಿಗುತ್ತದೆ ಅಂತ ಚಿಕ್ಕ ಹುಡುಗರೂ ಹೇಳುತ್ತಾರೆ. ಬಿಡಬೇಕೆಂದರೆ ಎಲ್ಲಿಗೆ ಹೋಗಬೇಕು ಅಂತ ತಿಳಿಯಲು ನನಗೆ ಒಂದೂವರೆ ವರ್ಷ ಹಿಡಿಯಿತು.

ಮೊದಲ ಸಲ ಹಟಕ್ಕೆ ಬಿದ್ದು ಮನೆಯಲ್ಲೇ ಬಿಟ್ಟೆ. ಎರಡನೇ ದಿನ ಕೈ ನಡುಗಿತು, ಮೈಯೆಲ್ಲ ಬೆವರಿತು, ರಾತ್ರಿ ಫಿಟ್ಸ್ ಬಂತು. ಹೆಂಡತಿ ಮತ್ತು ತಮ್ಮ ಆಸ್ಪತ್ರೆಗೆ ಹೊತ್ತುಕೊಂಡು ಓಡಿದರು. ಬಹಳ ವರ್ಷ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಹೀಗಾಗಬಹುದು, ಜೀವಕ್ಕೂ ಅಪಾಯ ಅಂತ ಅಲ್ಲೇ ನನಗೆ ಗೊತ್ತಾಗಿದ್ದು. ಯಾರಾದರೂ ಸುಮ್ನೆ ಮನೆಯಲ್ಲಿ ಮಲಗಿ ಬಿಟ್ಟುಬಿಡುತ್ತೇನೆ ಅಂದುಕೊಂಡಿದ್ದರೆ ದಯವಿಟ್ಟು ಬೇಡ. ಡಾಕ್ಟರಿಗೆ ತೋರಿಸಿಯೇ ಬಿಡಿ.

ಆಸ್ಪತ್ರೆಯವರು ನನ್ನನ್ನು ಉಳಿಸಿದರು. ಅದನ್ನು ಮರೆಯುವುದಿಲ್ಲ. 'ಇನ್ನ ಮುಟ್ಟಬ್ಯಾಡಪಾ' ಅಂತ ಹೇಳಿ ಮಾತ್ರೆ ಕೊಟ್ಟು ಕಳಿಸಿದರು. ಮಾತ್ರೆ ಮುಗಿದ ಮೇಲೆ ಏನು? ಚೀಟಿಯಲ್ಲಿ ಒಂದು ಸಾಲೂ ಇರಲಿಲ್ಲ. ಸಂಬಳದ ದಿನ ಮತ್ತೆ ಕ್ವಾರ್ಟರ್ ಕೈಯಲ್ಲಿತ್ತು.

ಗಿರಣಿಗೆ ಬರುವ ಲಾರಿ ಡ್ರೈವರ್ ಒಬ್ಬರು ಒಂದು ಹಳೇ ಚೀಟಿ ತಂದುಕೊಟ್ಟರು. ಬಳ್ಳಾರಿಯಲ್ಲಿ ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನುವ ಸಂಘದ ಮೀಟಿಂಗ್ ನಡೆಯುತ್ತದೆ, ಕುಡಿಯುತ್ತಿದ್ದವರೇ ಕೂತು ಮಾತಾಡುತ್ತಾರೆ ಅಂದರು. ಅದರಲ್ಲಿ ವಿಳಾಸ ಇತ್ತು, ಗುರುವಾರ ಸಂಜೆ ಅಂತ ಬರೆದಿತ್ತು. ರಜೆ ಹಾಕಿದೆ. ಮಗಳು ಬಸ್‌ಸ್ಟ್ಯಾಂಡ್ ತನಕ ಬಂದು ಬಸ್ಸು ಹತ್ತಿಸಿದಳು. ಹೋಗಿ ನೋಡಿದರೆ ಗೇಟಿಗೆ ಬೀಗ. ಎದುರಿನ ಅಂಗಡಿಯವರು 'ಅದು ಇಲ್ಲಿಂದ ಹೋಗಿ ಭಾಳ ದಿನ ಆತಲ್ರೀ' ಅಂದರು. ಎಲ್ಲಿಗೆ ಹೋಯಿತು ಅಂತ ಅವರಿಗೂ ಗೊತ್ತಿರಲಿಲ್ಲ. ಕತ್ತಲಾಗುವವರೆಗೆ ಅಲ್ಲೇ ನಿಂತಿದ್ದೆ. ಆ ರಾತ್ರಿ ಕುಡಿದೇ ಊರಿಗೆ ಬಂದೆ. ಮಗಳು ಊಟ ಮಾಡದೆ ಕಾಯುತ್ತಿದ್ದಳು.

ಕುಡಿಯುವವನಿಗೆ ಬಿಡುವ ಮನಸ್ಸು ದಿನಾ ಬರುವುದಿಲ್ಲ. ಬಂದರೂ ಒಂದೆರಡು ತಾಸು ಇರುತ್ತದೆ, ಅಷ್ಟೇ. ನನಗೆ ಮತ್ತೆ ಆ ಮನಸ್ಸು ಬರಲು ಏಳು ತಿಂಗಳು ಬೇಕಾಯಿತು.

ಕೊನೆಗೆ ದಾರಿ ತೋರಿಸಿದ್ದು ಬಳ್ಳಾರಿಯ ಒಬ್ಬ ಆಟೊ ಚಾಲಕ. ಚಹಾದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ, ಆದರೂ ಚೆಲ್ಲುತ್ತಿತ್ತು. ಅವರು ಪಕ್ಕಕ್ಕೆ ಬಂದು ಮೆಲ್ಲಗೆ, 'ಅಣ್ಣ, ನಾನೂ ಹಿಂಗೇ ಹಿಡೀತಿದ್ದೆ' ಅಂದರು. ಅದೇ ಸಂಜೆ ಕರೆದುಕೊಂಡು ಹೋದರು. ಒಂದು ಶಾಲೆಯ ಕೋಣೆ, ಹತ್ತು ಹನ್ನೆರಡು ಕುರ್ಚಿ. ಒಬ್ಬರು ಕನ್ನಡದಲ್ಲಿ, ಒಬ್ಬರು ತೆಲುಗಿನಲ್ಲಿ ತಮ್ಮ ಕಥೆ ಹೇಳಿದರು. ಜಾತಿ ಕೇಳಲಿಲ್ಲ, ಅಡ್ಡಹೆಸರು ಕೇಳಲಿಲ್ಲ. ಫೀಸು ಇಲ್ಲ. ಕೊನೆಗೆ ಒಂದು ಡಬ್ಬಿ ಸುತ್ತು ಬರುತ್ತದೆ. ಇದ್ದವರು ಹಾಕುತ್ತಾರೆ, ಇಲ್ಲದವರು ಮುಂದಿನವರಿಗೆ ದಾಟಿಸುತ್ತಾರೆ. ಕುಡಿತ ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು, ಬೇರೆ ಷರತ್ತಿಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಒಬ್ಬ ಷೇರು ದಲ್ಲಾಳಿ ಮತ್ತು ಒಬ್ಬ ಸರ್ಜನ್ ಹೀಗೇ ಎದುರುಬದುರು ಕೂತು ಮಾತಾಡಿದ್ದರಿಂದ ಈ ಸಂಘ ಹುಟ್ಟಿತಂತೆ. ಇಬ್ಬರೂ ಕುಡಿತಕ್ಕೆ ಸಿಕ್ಕಿ ಒದ್ದಾಡಿದವರು. ನನಗಂತೂ ಅದು ದೂರದ ಕಥೆ ಅನಿಸಲಿಲ್ಲ. ಬೈಗುಳ, ಆಣೆ, ಪ್ರಮಾಣ ಎಲ್ಲ ನೋಡಿದ್ದೆ. 'ಇವತ್ತೊಂದಿನ ಕುಡೀಬ್ಯಾಡ, ನಾಳೆದು ನಾಳೆ' ಅಂತ ಹೇಳಿದವರು ಮಾತ್ರ ಯಾರೂ ಇರಲಿಲ್ಲ.

ಎಲ್ಲರಿಗೂ ತೆರೆದ ಸಭೆ ಇದ್ದ ದಿನ ಹೆಂಡತಿಯೂ ಬಂದಳು. ಮನೆಗೆ ಬರುವಾಗ ಬಸ್ಸಿನಲ್ಲಿ ಅತ್ತಳು. ಮನೆಯವರಿಗಾಗಿಯೇ ಅಲ್-ಅನಾನ್ ಅಂತ ಬೇರೆ ಕೂಟ ಇದೆ ಅಂತ ಅವಳಿಗೆ ತಿಳಿದದ್ದು ಆವತ್ತೇ.

ಈಗ ನನ್ನ ಬೇಡಿಕೆ. ಪ್ರತಿ ಆಗಸ್ಟ್ 1ರಂದು, ಇಳಕಲ್ಲಿನ ಮಹಾಂತ ಸ್ವಾಮಿಗಳ ಹುಟ್ಟಿದ ದಿನ, ವ್ಯಸನಮುಕ್ತ ದಿನ ಆಚರಿಸುತ್ತಾರೆ. ಆ ಸ್ವಾಮಿಗಳು ಜೋಳಿಗೆ ಹಿಡಿದು ಜನರ ಮನೆ ಬಾಗಿಲಿಗೇ ಹೋಗಿ ಅವರ ಚಟಗಳನ್ನು ಭಿಕ್ಷೆ ಬೇಡಿದವರು. ಅವರ ಹೆಸರಿನ ಬ್ಯಾನರಿನಲ್ಲಿ ಮೀಟಿಂಗ್ ಎಲ್ಲಿ, ಯಾವ ವಾರ, ಎಷ್ಟು ಗಂಟೆಗೆ ಅಂತಲೂ ಹಾಕಬಹುದು ಅಲ್ವಾ? ತಾಲ್ಲೂಕು ಆಸ್ಪತ್ರೆಯ ಓಪಿಡಿ ಗೋಡೆಯಲ್ಲಿ, ಬಸ್ ನಿಲ್ದಾಣದಲ್ಲಿ ಒಂದು ಬೋರ್ಡ್ ಹಾಕಲಿ. ಡಿಸ್ಚಾರ್ಜ್ ಚೀಟಿಯ ಹಿಂದೆ ಒಂದು ಸೀಲು ಹೊಡೆದರೂ ಸಾಕು. ವ್ಯಸನಮುಕ್ತಿಯ ಸಹಾಯವಾಣಿ 14446, ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಇವೆರಡೂ ಉಚಿತ. ಅವನ್ನೂ ಬರೆಯಲಿ. ಮೀಟಿಂಗ್ ಜಾಗ ಬದಲಾದರೆ ಬೋರ್ಡೂ ಅದೇ ವಾರ ಬದಲಾಗಬೇಕು. ನಿಮ್ಮ ಪತ್ರಿಕೆಯಲ್ಲಿ ಇಂದಿನ ಕಾರ್ಯಕ್ರಮ ಅಂತ ಹಾಕುತ್ತೀರಲ್ಲ, ಅಲ್ಲಿ ವಾರಕ್ಕೊಂದು ಸಾಲು ಜಾಗ ಕೊಡಿ.

ಪತ್ರಿಕೆಯಲ್ಲಿ ಸದಸ್ಯರು ಪೂರ್ತಿ ಹೆಸರು ಹಾಕಿಕೊಳ್ಳಬಾರದು ಅನ್ನುವುದು ಸಂಘದ ಪದ್ಧತಿ. ಆದ್ದರಿಂದ ಕೆಳಗೆ ಹೆಸರಿಲ್ಲ. ನಿಮ್ಮ ತಿಳಿವಳಿಕೆಗೆ ಹೆಸರು, ಫೋನ್ ನಂಬರು ಬೇರೆ ಹಾಳೆಯಲ್ಲಿ ಬರೆದು ಇಟ್ಟಿದ್ದೇನೆ. ಮೀಟಿಂಗ್ ಈಗ ನಡೆಯುವ ವಿಳಾಸವೂ ಅದರಲ್ಲಿದೆ.

– ಒಬ್ಬ ಓದುಗ, ಸಿರುಗುಪ್ಪ, ಬಳ್ಳಾರಿ ಜಿಲ್ಲೆ