ಇಪ್ಪತ್ತೇ ಫೋಟೋ ಯಾಕೆ ಬರುತ್ತಿತ್ತು: ನಮ್ಮ ಆಲ್ಬಂ ಗ್ರಾಹಕರಿಗೆ ಪತ್ರ

ನಮಸ್ಕಾರ.

ಈ ಸೋಮವಾರದಿಂದ ನಮ್ಮ ವೆಬ್‌ಸೈಟಿನಲ್ಲಿ ಆಲ್ಬಂಗೆ ಫೋಟೋ ಕಳಿಸುವ ರೀತಿ ಬದಲಾಗುತ್ತಿದೆ. ಫೋಟೋಗಳನ್ನು ಮೊದಲಿನ ಹಾಗೆ ಒಟ್ಟಿಗೇ ಆರಿಸಬಹುದು. ಆದರೆ ಅವು ಒಂದರ ಹಿಂದೆ ಒಂದು ಬರುತ್ತವೆ. ಹಾಸನಾಂಬೆ ದರ್ಶನದ ಸಾಲು ಅಂದುಕೊಳ್ಳಿ. ಸ್ವಲ್ಪ ಬೇಗ ಸಾಗುತ್ತದೆ, ಅಷ್ಟೇ.

ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ವೈಶಾಖದ ಮದುವೆಗಳ ಗಡಿಬಿಡಿಯಲ್ಲಿ ನಿಮ್ಮಲ್ಲಿ ಎಷ್ಟೋ ಜನ ಫೋನ್ ಮಾಡಿ, "ಅರವತ್ತು ಕಳಿಸಿದ್ದೆ, ಇಪ್ಪತ್ತೇ ಬಂದಿದೆ ಅಂತೀರಲ್ಲ" ಅಂದಿರಿ. "ನಿಮ್ಮ ಕಡೆ ನೆಟ್‌ವರ್ಕ್ ಸರಿಯಿಲ್ಲ" ಅಂದು ಫೋನ್ ಇಟ್ಟುಬಿಟ್ಟೆವು. ಸಕಲೇಶಪುರ, ಹೆತ್ತೂರು ಕಡೆಯವರಿಗಂತೂ ಅವರು ಬಾಯಿ ಬಿಡುವ ಮೊದಲೇ ಹೇಳಿದ್ದೇವೆ. ಮಳೆ ಬಂದರೆ ಅಲ್ಲಿ ಸಿಗ್ನಲ್ ಹೋಗುವುದು ನಿಜ. ಆದರೆ ಈ ಸಲದ ತಪ್ಪು ಅದರದ್ದಲ್ಲ. ಕ್ಷಮಿಸಿ.

ನಮ್ಮ ಕಣ್ಣು ತೆರೆಸಿದವರು ಆಲೂರಿನ ಒಬ್ಬ ಅಮ್ಮ. ಅಂಗಡಿಗೇ ಬಂದು, ಕೌಂಟರ್ ಮುಂದೆ ಕೂತು, ನಮ್ಮದೇ ವೈಫೈ ಹಾಕಿಕೊಂಡು 64 ಫೋಟೋ ಕಳಿಸಿದರು. "ಫೋಟೋಗಳು ತಲುಪಿವೆ, ಧನ್ಯವಾದ" ಅಂತ ಹಸಿರು ಅಕ್ಷರದಲ್ಲಿ ಬಂತು. ಒಳಗೆ ಹೋಗಿ ಎಣಿಸಿದರೆ 20. ಮತ್ತೆ ಕಳಿಸಿದರು, ಮತ್ತೆ 20. "ಈಗ ಯಾರ ನೆಟ್‌ವರ್ಕಪ್ಪಾ ಸರಿಯಿಲ್ಲದ್ದು?" ಅಂದರು. ನಾನು ಕಾಫಿ ತರಿಸಿದೆ, ಇನ್ನೇನು ಮಾಡಲಿ.

ಆಮೇಲಿಂದ ನಾನು ಮತ್ತೆ ಮತ್ತೆ ಕೇಳಿರುವ ಮಾತು ಒಂದಿದೆ. ಮುಖಕ್ಕೇ ಹೇಳಿದವರೂ ಇದ್ದಾರೆ. "ಇಪ್ಪತ್ತಕ್ಕೆ ಬೇಕಂತಲೇ ನಿಲ್ಲಿಸಿದ್ದೀರಿ, ಅದರ ಮೇಲೆ ದುಡ್ಡು ಕೇಳೋಕೆ ಇದೊಂದು ದಾರಿ" ಅಂತ. ಬೇರೆ ಏನು ಬೇಕಾದರೂ ಅನ್ನಿ, ಈ ಮಾತು ಮಾತ್ರ ತಡೆದುಕೊಳ್ಳಲು ಆಗುವುದಿಲ್ಲ. ಆ ಇಪ್ಪತ್ತು ನಾವು ಇಟ್ಟ ಲೆಕ್ಕವೇ ಅಲ್ಲ. ನಮ್ಮ ಸೈಟ್ ಪಿಎಚ್‌ಪಿ ಎಂಬ ಭಾಷೆಯಲ್ಲಿದೆ. ಒಂದು ಸಲಕ್ಕೆ ಎಷ್ಟು ಫೈಲ್ ತಗೊಳ್ಳಬೇಕು ಅನ್ನುವ ಮಿತಿಯನ್ನು ಅದಕ್ಕೆ 2009ರಲ್ಲಿ ಸೇರಿಸಿದರು. ಕಿಡಿಗೇಡಿಗಳು ಒಂದೇ ಸಲಕ್ಕೆ ಸಾವಿರಾರು ಫೈಲ್ ಸುರಿದು ಸರ್ವರ್, ಅಂದರೆ ಸೈಟ್ ನಡೆಸುವ ಕಂಪ್ಯೂಟರ್, ಕೆಡಿಸಬಾರದು ಅಂತ. ಯಾರೂ ಮುಟ್ಟದಿದ್ದರೆ ಆ ಮಿತಿ 20. ನಾವೂ ಮುಟ್ಟಿರಲಿಲ್ಲ, ಅದು ಇದೆ ಅಂತಲೇ ಗೊತ್ತಿರಲಿಲ್ಲ. ಇಪ್ಪತ್ತೊಂದನೆಯ ಫೋಟೋದಿಂದ ಮುಂದಿನದ್ದನ್ನು ಅದು ಸುಮ್ನೆ ಬಿಟ್ಟುಬಿಡುತ್ತದೆ. ಸರ್ವರಿನ ಲಾಗ್ ಎಂಬ ದಾಖಲೆಯಲ್ಲಿ ಒಂದು ಸಾಲು ಬರೆದಿಟ್ಟಿರುತ್ತದೆ, ಅಷ್ಟೇ. ಅದನ್ನು ನಾವು ಓದಬೇಕಿತ್ತು. ಬಂದದ್ದೆಷ್ಟು ಅಂತ ಎಣಿಸದೆ "ತಲುಪಿವೆ" ಅಂದದ್ದೂ ನಮ್ಮ ಸೈಟೇ. ಅಷ್ಟು ನಮ್ಮ ತಪ್ಪು. ದುಡ್ಡಿನ ಆಸೆ ಅಲ್ಲ.

ದುಡ್ಡಿನ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಫೋಟೋ ಕಡಿಮೆ ಬಂದು ಅರೆಬರೆಯಾದ ಆಲ್ಬಂಗಳನ್ನೆಲ್ಲ ಮತ್ತೆ ಮಾಡಿಕೊಟ್ಟಿದ್ದೇವೆ. ಪೇಪರ್, ಲ್ಯಾಮಿನೇಷನ್, ಬೈಂಡಿಂಗ್, ಬಸ್ಸಿನಲ್ಲಿ ಕಳಿಸಿದ ಪಾರ್ಸೆಲ್ ಚಾರ್ಜ್, ಎಲ್ಲ ನಮ್ಮದೇ. ಒಂದು ಸಲ ಪ್ರಿಂಟ್ ಆದ ಶೀಟ್ ರದ್ದಿಗೂ ಸರಿಯಾಗಿ ಹೋಗುವುದಿಲ್ಲ. ಸೈಟ್ ಸರಿಮಾಡಿದ ಹುಡುಗನಿಗೆ ಕೊಡಬೇಕಾದದ್ದು ಕೊಟ್ಟಿದ್ದೇವೆ. ಸರ್ವರ್ ಬಾಡಿಗೆಯೂ ಏರಿದೆ. ಆಲ್ಬಂ ರೇಟ್ ಮಾತ್ರ ಹಳೆಯದೇ. ದುಡ್ಡಿಗೋಸ್ಕರ ಮಾಡಿದ್ದರೆ ಹೀಗೆ ಮಾಡುತ್ತಿದ್ದೆವಾ, ನೀವೇ ಹೇಳಿ.

ಕೆಲವರಿಗೆ ಇಪ್ಪತ್ತೂ ಇಲ್ಲ, ಸೊನ್ನೆ. ಕಳಿಸಿ ಅಂತ ಒತ್ತಿದರೆ ಪುಟ ಖಾಲಿಯಾಗಿ ವಾಪಸ್ ಬರುತ್ತಿತ್ತು. ಬೇಲೂರಿನ ಒಬ್ಬರು, "ಹೆಸರು, ಫೋನ್ ನಂಬರ್ ಕೂಡ ಅಳಿಸಿಹೋಗಿದೆ ಸಾರ್" ಅಂದರು. ಅವರ ಆ ಮಾತಿನಿಂದಲೇ ಕಾರಣ ಸಿಕ್ಕಿತು. ಒಂದು ಸಲಕ್ಕೆ ಒಟ್ಟು ಎಷ್ಟು ಎಂಬಿ ಬರಬಹುದು ಅನ್ನುವುದಕ್ಕೆ ಇನ್ನೊಂದು ಮಿತಿ ಇದೆ. ನಮ್ಮ ಸೈಟಿನಲ್ಲಿ ಅದು 128. ಅದು ಮೀರಿದರೆ ಪಿಎಚ್‌ಪಿ ಫೋಟೋ ಮಾತ್ರ ಅಲ್ಲ, ಫಾರಂನಲ್ಲಿ ಬರೆದದ್ದನ್ನೂ ಕೈಬಿಡುತ್ತದೆ. ಆಲೂರಿನ ಅಮ್ಮನ ಫೋಟೋಗಳು ಒಂದೂವರೆ ಎಂಬಿ ಲೆಕ್ಕದವು, ಒಟ್ಟು ನೂರರ ಒಳಗೇ. ಬೇಲೂರಿನವರದ್ದು ಐದೈದು ಎಂಬಿಯ ನಲವತ್ತು. ಹೀಗೆ ಎರಡು ಕಾಯಿಲೆ ಒಂದರ ಮೇಲೊಂದು ಕೂತು ನಮ್ಮನ್ನು ವಾರಗಟ್ಟಲೆ ಆಟ ಆಡಿಸಿದವು. ಈಗ ಒಂದೊಂದೇ ಫೋಟೋ ಬರುವುದರಿಂದ ಎರಡು ಮಿತಿಯೂ ಅಡ್ಡ ಬರುವುದಿಲ್ಲ. ಮಧ್ಯೆ ಕರೆಂಟ್ ಹೋದರೆ ಉಳಿದದ್ದನ್ನು ಮಾತ್ರ ಕಳಿಸಿದರೆ ಸಾಕು.

ಮೂರನೆಯದು ಹೇಳಲು ನಾಚಿಕೆ. ಒಂದು ಮದುವೆಗೆ ಇಬ್ಬರು ಕ್ಯಾಮೆರಾದವರು. ಇಬ್ಬರ ಕಾರ್ಡಿನಲ್ಲೂ ಡಿಎಸ್‌ಸಿ 0412 ಅಂತ ಒಂದೊಂದು ಫೋಟೋ. ಒಂದರಲ್ಲಿ ಧಾರೆ, ಇನ್ನೊಂದರಲ್ಲಿ ಊಟದ ಪಂಕ್ತಿ. ಹೆಸರು ಒಂದೇ ಆದ್ದರಿಂದ ಆಮೇಲೆ ಬಂದದ್ದು ಮೊದಲನೆಯದರ ಮೇಲೆ ಕೂತಿತು. ಧಾರೆಯ ಪುಟದಲ್ಲಿ ಎರಡನೇ ಸಲ ಸಾರು ಬಡಿಸುತ್ತಿರುವ ಭಟ್ಟರು! ಹುಡುಗಿಯ ಅಪ್ಪ ಬಯ್ಯಲೂ ಇಲ್ಲ, ಸುಮ್ಮನೆ ಪುಟ ತಿರುಗಿಸಿ ತೋರಿಸಿದರು. ಇನ್ನು ಮುಂದೆ ಪ್ರತಿ ಫೋಟೋಗೂ ನಮ್ಮ ಆರ್ಡರ್ ನಂಬರ್ ಸೇರಿಸಿ ಹೊಸ ಹೆಸರು ಕೊಡುತ್ತೇವೆ.

ವಾಟ್ಸಾಪ್‌ನಲ್ಲಿ ಕಳಿಸಬಹುದಾ ಅಂದರೆ, ಆಲ್ಬಂಗೆ ಬೇಡ. ಅಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗಿಹೋಗುತ್ತದೆ. ಹಾಗೆ ಕುಗ್ಗಿ 1600 ಪಿಕ್ಸೆಲ್ ಆದ ಫೋಟೋ ಒಳ್ಳೆಯ ಪ್ರಿಂಟಿನಲ್ಲಿ ಐದು ಇಂಚು ಚಿಲ್ಲರೆ ಬರುತ್ತದೆ, ನಮ್ಮ ಶೀಟ್ 36 ಇಂಚು. ಬೇರೆ ದಾರಿಯೇ ಇಲ್ಲದಿದ್ದರೆ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ.

ಕಳಿಸಿದ ಮೇಲೆ "ನೀವು ಆರಿಸಿದ್ದು ಇಷ್ಟು, ನಮಗೆ ಬಂದದ್ದು ಇಷ್ಟು" ಅಂತ ಎರಡು ಸಂಖ್ಯೆ ಕಾಣುತ್ತವೆ. ಎರಡೂ ಸರಿಹೊಂದಿ, ನೀವು ಒಪ್ಪಿಗೆ ಒತ್ತುವ ತನಕ ನಾವು ಪ್ರಿಂಟಿಗೆ ಕೈ ಹಾಕುವುದಿಲ್ಲ. ಆಲ್ಬಂ ಕೈಗೆ ಬರುವವರೆಗೆ ನಿಮ್ಮ ಫೋನಿನಿಂದಾಗಲೀ ಕಾರ್ಡಿನಿಂದಾಗಲೀ ಏನನ್ನೂ ಅಳಿಸಬೇಡಿ. ವೈಶಾಖದ ಆಲ್ಬಂನಲ್ಲಿ ಫೋಟೋ ಕಡಿಮೆ ಇದ್ದು, ಸಂಕೋಚಕ್ಕೆ ಸುಮ್ಮನಿದ್ದವರು ಇನ್ನೂ ಇದ್ದೀರಿ ಅಂತ ನನಗೆ ಗೊತ್ತು. ಆಲ್ಬಂ, ಪೆನ್‌ಡ್ರೈವ್ ಎರಡೂ ಹಿಡಿದುಕೊಂಡು ಬನ್ನಿ. ಆಷಾಢ ಮುಗಿಯುವ ತನಕ ಅಂಗಡಿಯಲ್ಲಿ ಅಷ್ಟು ಗಲಾಟೆ ಇರುವುದಿಲ್ಲ, ನಾನೇ ಜೊತೆಗೆ ಕೂತು ಎಣಿಸಿಕೊಡುತ್ತೇನೆ.

ನಿಮ್ಮ ಆಲ್ಬಂ ಅಂಗಡಿಯವನು,
ಹಾಸನ