ಡಬ್ಬಿಯಲ್ಲಿ ನಾಯಿಯ ಮಲ ಒಯ್ದವನ ಮನವಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳಲ್ಲಿ ನಾಯಿಯ ಸುದ್ದಿ ಬರುವುದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ: ಶ್ವಾನ ಪ್ರದರ್ಶನದಲ್ಲಿ ಬಹುಮಾನ ಗೆದ್ದಾಗ, ಇಲ್ಲವೇ ಬೀದಿಯಲ್ಲಿ ಯಾರನ್ನಾದರೂ ಕಚ್ಚಿದಾಗ. ನಮ್ಮ ಶಿರಸಿ ಸೀಮೆಯ ತೋಟದ ಮನೆಗಳಲ್ಲಿ ಮಂಗ, ಹಂದಿ ಅಟ್ಟುತ್ತ ಜಗಲಿಯ ಮೂಲೆಯಲ್ಲಿ ಬದುಕು ಮುಗಿಸುವ ನಾಯಿಗಳ ಹೊಟ್ಟೆ, ಕಿವಿ, ಹುಣ್ಣು, ಮಲಗಳ ಉಸಾಬರಿಯ ಬಗ್ಗೆ, ಅದು ಅಸಹ್ಯವೆಂಬ ಕಾರಣಕ್ಕೋ ಏನೋ, ಯಾರೂ ಬರೆಯುವುದಿಲ್ಲ. ಈ ಪತ್ರ ಅದರ ಬಗ್ಗೆಯೇ ಇದೆ. ಚಹಾ ಕುಡಿಯುತ್ತ ಓದುತ್ತಿರುವವರು ಕ್ಷಮಿಸಬೇಕು.

ಕಳೆದ ಆಷಾಢದಲ್ಲಿ ನಮ್ಮ ಹೆಣ್ಣುನಾಯಿಯ ನಾಲ್ಕು ಮರಿಗಳಲ್ಲಿ ಒಂದು ಸತ್ತಿತು. ವಾರದೊಳಗೆ ಇನ್ನೊಂದು ಮಂಕಾಗಿ ಮಲಗಿತು. ಆಗ ಅವಕ್ಕೆ ಒಂದೂವರೆ ತಿಂಗಳು. ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಬರುತ್ತಿತ್ತು. ಹಲ್ಲಿ ತಿಂದಿರಬೇಕೆಂದು ಅಮ್ಮ ಹೇಳಿದಳು, ದೃಷ್ಟಿಯಾಗಿದೆ ಎಂದು ಪಕ್ಕದ ಮನೆಯವರು ಹೇಳಿದರು, ನಾನು ಮಜ್ಜಿಗೆ ಕುಡಿಸಿ ಎರಡು ದಿನ ಕಳೆದೆ. ಮೂರನೆಯ ದಿನ ತುಟಿ ಎತ್ತಿ ನೋಡಿದರೆ ಒಸಡು ತೊಳೆದ ಅಕ್ಕಿಯಂತೆ ಬೆಳ್ಳಗಾಗಿತ್ತು.

ಪರಿಚಯದ ಪಶುವೈದ್ಯರೊಬ್ಬರಿಗೆ ಫೋನು ಮಾಡಿದಾಗ, ಮರಿಯೊಂದಿಗೆ ಅಂದಿನ ಮಲವನ್ನೂ ತರಬೇಕೆಂದರು. ಅಡಿಕೆ ಹಾಳೆಯ ಚೂರಿನಿಂದ ಅದನ್ನು ತೆಗೆದು, ಖಾಲಿ ಮಾತ್ರೆ ಡಬ್ಬಿಗೆ ತುಂಬಿ, ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಬುಟ್ಟಿಗಿಂತ ಡಬ್ಬಿಯ ಮೇಲೆಯೇ ಹೆಚ್ಚು ಕಣ್ಣಿಟ್ಟಿದ್ದ; ಔಷಧಿ ಎಂದು ಸುಳ್ಳು ಹೇಳಬೇಕಾಯಿತು. ದಾರಿಯಲ್ಲೇ ಸಿಗುವ ಒಂದು ಸರಕಾರಿ ಪಶು ಚಿಕಿತ್ಸಾಲಯಕ್ಕೆ ಮೊದಲು ಹೋದರೆ, ಅಲ್ಲಿಯ ಸಿಬ್ಬಂದಿ ಮೂಗು ಮುಚ್ಚಿಕೊಂಡು, "ಮೊದಲು ಅದನ್ನು ಹೊರಗೆ ಬಿಸಾಡಿ ಬನ್ನಿ" ಎಂದರು. ಅವರ ಹಿಂದಿನ ಮೇಜಿನ ಮೇಲೆ ಸೂಕ್ಷ್ಮದರ್ಶಕವೊಂದು ಪ್ಲಾಸ್ಟಿಕ್ ಹೊದಿಕೆಯೊಳಗೆ ಧೂಳು ಹಿಡಿದು ಕುಳಿತಿತ್ತು.

ಕೊನೆಗೆ ಫೋನಿನಲ್ಲಿ ಮಾತಾಡಿದ ವೈದ್ಯರೇ ತಮ್ಮ ಕೋಣೆಯಲ್ಲಿ ಪರೀಕ್ಷೆ ಮಾಡಿದರು. ಇನ್ನು ಕರಗದಷ್ಟು ಉಪ್ಪು ಹಾಕಿದ ನೀರಿನಲ್ಲಿ ಮಲವನ್ನು ಕಲಸಿ, ಸೋಸಿ, ಸಣ್ಣ ಕೊಳವೆಯ ಕಂಠದವರೆಗೆ ತುಂಬಿ, ಮೇಲೊಂದು ತೆಳು ಗಾಜು ಮುಚ್ಚಿ ಕಾಲು ಗಂಟೆ ಬಿಟ್ಟರು. ಹುಳುವಿನ ಮೊಟ್ಟೆ ಹಗುರವಾದ್ದರಿಂದ ಉಪ್ಪುನೀರಿನಲ್ಲಿ ತೇಲಿ ಗಾಜಿಗೆ ಅಂಟುತ್ತದೆ. ನನಗೂ ನೋಡಲು ಕೊಟ್ಟರು: ತೆಳು ಸಿಪ್ಪೆಯ ಉದ್ದುರುಟಾದ ಮೊಟ್ಟೆಗಳು, ಒಳಗೆ ದಾಳಿಂಬೆ ಬೀಜ ಒತ್ತಿಕೊಂಡು ಕೂತಂತೆ ಕೋಶಗಳ ಗುಂಪು. ಕೊಕ್ಕೆಹುಳು. ತಾಯಿಯ ಹಾಲಿನ ಮೂಲಕವೇ ಮರಿಗೆ ದಾಟಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಕಪ್ಪು ಮಲವೆಂದರೆ ಜೀರ್ಣವಾದ ರಕ್ತ. ಹುಳು ಬೆಳೆದು ಮೊಟ್ಟೆಯಿಡುವುದಕ್ಕೆ ಎರಡು ವಾರಕ್ಕೂ ಹೆಚ್ಚು ಬೇಕಾಗುವುದರಿಂದ, ಮಲದಲ್ಲಿ ಏನೂ ಕಾಣದಿದ್ದರೂ ಮರಿ ಸಾಯುವುದುಂಟಂತೆ. ಆದ್ದರಿಂದಲೇ ಮರಿಗೆ ಎರಡನೆಯ ವಾರದಿಂದ ಹಾಲು ಬಿಡಿಸುವ ತನಕ ಹದಿನೈದು ದಿನಕ್ಕೊಮ್ಮೆ, ಜೊತೆಗೆ ತಾಯಿಗೂ, ಜಂತಿನ ಔಷಧ ಕೊಡಬೇಕು. ಇಪ್ಪತ್ತು ವರ್ಷ ನಾಯಿ ಸಾಕಿದ ನನಗೆ ಇದು ಗೊತ್ತಿರಲಿಲ್ಲ. ಮರಿ ಬದುಕಿತು, ಮೊದಲು ಸತ್ತದ್ದನ್ನು ನಾವು ದೃಷ್ಟಿಯ ಲೆಕ್ಕಕ್ಕೆ ಬರೆದಾಗಿತ್ತು.

ಇದು ನಾಯಿಯ ಕಷ್ಟ ಮಾತ್ರವೂ ಅಲ್ಲ. ಮಳೆಗಾಲದ ಹಸಿ ಮಣ್ಣಿನಲ್ಲಿ ಈ ಮೊಟ್ಟೆಯೊಡೆದು ಬಂದ ಮರಿಹುಳುಗಳು ಬರಿಗಾಲಿನ ಮಕ್ಕಳ ಚರ್ಮದೊಳಗೂ ಹೊಗುತ್ತವೆ. ಅಂಗಾಲಿನಲ್ಲಿ ಹಾವಿನ ಜಾಡಿನಂತೆ ಕೆಂಪು ಗೆರೆ ಎದ್ದು ವಿಪರೀತ ತುರಿಸುತ್ತದೆ. ಅಂಗಳದ ಮಲವನ್ನು ಅಂದಂದೇ ಎತ್ತಿ ಹೂಳುವುದು ಆ ಕಾರಣಕ್ಕೆ.

ಉಣುಗಿನದು ಇನ್ನೊಂದು ರಾಮಾಯಣ. ಮಂಗನ ಕಾಯಿಲೆಯ ಭಯವಿರುವ ನಮ್ಮಲ್ಲಿ ನಾಯಿಯ ಮೈಮೇಲೆ ಉಣುಗು ಕಂಡೊಡನೆ ಅದನ್ನು ದೂರ ಬಿಟ್ಟು ಬರುವವರಿದ್ದಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಆ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಕಾಡಿನ ತರಗೆಲೆಯಲ್ಲಿರುವ ಬೇರೆ ಜಾತಿಯ ಉಣುಗು. ಮನೆನಾಯಿಯ ಮೈಯಲ್ಲಿ ಸಾಮಾನ್ಯವಾಗಿ ಕಾಣುವ ಕಂದು ಉಣುಗು ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆಯಿಟ್ಟು, ನಾಯಿಗೆ ಎರ್ಲಿಕಿಯಾದಂಥ ಜ್ವರ ತರುತ್ತದೆ. ಮೂಗಿನಲ್ಲಿ ರಕ್ತ ಸುರಿದಾಗ ನಾವು ಅದನ್ನು ಉಷ್ಣವೆಂದು ತಿಳಿಯುತ್ತೇವೆ. ಸಂಜೆ ಜಗಲಿಯಲ್ಲಿ ಕೂತು ಬೆರಳ ಸಂದು, ಕಿವಿಯ ಮಡಿಕೆ ಹುಡುಕಿ, ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆದು ಸೋಪುನೀರಿನ ಕರಟಕ್ಕೆ ಹಾಕಬೇಕು. ಉಗುರಿನಿಂದ ಚಿವುಟುವುದು, ದನಕ್ಕೆ ತಂದ ಉಣುಗಿನ ಔಷಧವನ್ನು ಅಳತೆಯಿಲ್ಲದೆ ಸುರಿಯುವುದು, ಇವೆರಡೂ ನಮ್ಮೂರಿನಲ್ಲಿ ನಡೆದೇ ಇವೆ. ಬಾಲದ ಬುಡದ ಎರಡು ಗ್ರಂಥಿಗಳು ಕಟ್ಟಿಕೊಂಡು, ನಾಯಿ ಕುಂಡೆ ಎಳೆಯುತ್ತ ಜಗಲಿಯೆಲ್ಲ ಕೊಳೆತ ಮೀನಿನ ವಾಸನೆ ಹರಡುವ ಸಂಗತಿಯನ್ನು ಇಲ್ಲಿಗೇ ಬಿಡುತ್ತೇನೆ.

ನನ್ನ ಕೋರಿಕೆ ದೊಡ್ಡದಲ್ಲ. ಚಿಕಿತ್ಸಾಲಯಗಳಲ್ಲಿ ದನಕರುಗಳಿಗೆ ಮೊದಲ ಸ್ಥಾನ ಸಿಗುವುದು ನ್ಯಾಯವೇ. ನಮ್ಮ ಕೊಟ್ಟಿಗೆಯಲ್ಲೂ ದನಗಳಿವೆ. ಆದರೆ ವಾರಕ್ಕೆ ಒಂದು ಮಧ್ಯಾಹ್ನವನ್ನಾದರೂ ಮಲ ಮತ್ತು ರಕ್ತದ ಲೇಪದ ಪರೀಕ್ಷೆಗೆ ಗೊತ್ತುಮಾಡಿ, ಆ ದಿನವನ್ನು ಬಾಗಿಲಲ್ಲಿ ಬರೆದು ಹಾಕಿದರೆ, ಬೇಕಾಗುವುದು ಉಪ್ಪು, ನೀರು, ಗಾಜಿನ ಪಟ್ಟಿ ಮತ್ತು ಒಂದಿಷ್ಟು ಬಣ್ಣದ ದ್ರಾವಣ ಮಾತ್ರ. ದನದ ಸಗಣಿಯ ಪರೀಕ್ಷೆಗೂ ಅದೇ ಸೂಕ್ಷ್ಮದರ್ಶಕ ಒದಗುತ್ತದೆ. ಪಶುಪಾಲನಾ ಇಲಾಖೆಯವರು ಈ ಮಳೆಗಾಲ ಮುಗಿಯುವುದರೊಳಗೆ ಹೊದಿಕೆ ತೆಗೆಸಲಿ. ಡಬ್ಬಿ ತರುವ ಕೆಲಸ ನಮ್ಮದು.

ಇಂತಿ,
ಒಬ್ಬ ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು