ಕಡಲೆಕಾಯಿ ಪರಿಷೆ: ಬೆಳೆದವರಿಗೇ ಮೊದಲ ಜಾಗ ಸಿಗಲಿ

ಮಾನ್ಯ ಸಂಪಾದಕರೇ,

ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೆ ನಾನು ಅಜ್ಜಿಯ ಸೆರಗು ಹಿಡಿದು ಹೋಗುತ್ತಿದ್ದ ಕಾಲದಿಂದ ಇಂದಿನವರೆಗೂ ತಪ್ಪಿಸಿದ್ದಿಲ್ಲ. ಆಗೆಲ್ಲ ರಾಮಕೃಷ್ಣ ಆಶ್ರಮದ ವೃತ್ತ ದಾಟುವಷ್ಟರಲ್ಲಿ ಹಸಿ ಕಾಯಿಗೆ ಅಂಟಿದ ಕೆಮ್ಮಣ್ಣಿನ ವಾಸನೆ ಬರುತ್ತಿತ್ತು. ಈಗ ಆಟಿಕೆ, ಬಲೂನು, ಗೋಬಿ ಮಂಚೂರಿಯ ಅಂಗಡಿಗಳ ಸಾಲನ್ನು ದಾಟಿದ ಮೇಲೆಯೇ ಹಲವೆಡೆ ಕಡಲೆಕಾಯಿಯ ರಾಶಿ ಕಣ್ಣಿಗೆ ಬೀಳುತ್ತದೆ. ಕಳೆದ ಬಾರಿ ಒಂದು ಅಡ್ಡರಸ್ತೆಯ ಚರಂಡಿಯ ಪಕ್ಕದಲ್ಲಿ ಗೋಣಿಚೀಲ ಹಾಸಿ ಕುಳಿತಿದ್ದ ರೈತ ಮಹಿಳೆಯೊಬ್ಬರನ್ನು ಮಾತನಾಡಿಸಿದಾಗ, ಮುಖ್ಯರಸ್ತೆಯಲ್ಲಿ ಜಾಗ ಸಿಗಲಿಲ್ಲವೆಂದು ಅವರು ಹೇಳಿದ್ದು ನನ್ನ ಮನಸ್ಸಿನಲ್ಲಿ ಹಾಗೆಯೇ ಉಳಿದಿದೆ.

ಈ ಪರಿಷೆ ಹುಟ್ಟಿದ್ದೇ ಬೆಳೆಗಾರರಿಂದ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ಸುತ್ತ ಹೊಲಗಳಿದ್ದಾಗ ರಾತ್ರಿಯ ಹೊತ್ತು ಬಂದು ಕಡಲೆಕಾಯಿ ಮೇಯುತ್ತಿದ್ದ ಬಸವನನ್ನು ರೈತರು ಹೊಡೆದರೆಂದೂ, ಅದು ಕಲ್ಲಾಗಿ ನಿಂತಿತೆಂದೂ, ತಪ್ಪು ಅರಿತ ಅವರು ಮೊದಲ ಫಸಲನ್ನು ಅದಕ್ಕೆ ಒಪ್ಪಿಸುವ ಹರಕೆ ಹೊತ್ತರೆಂದೂ ನಮ್ಮ ಹಿರಿಯರು ಹೇಳುತ್ತಿದ್ದರು. ಕೆಂಪೇಗೌಡರ ಕಾಲದ್ದೆಂದು ಹೇಳುವ ಗುಡಿಯಲ್ಲಿ ಒಂದೇ ಬಂಡೆಯಲ್ಲಿ ಕಡೆದ, ಸುಮಾರು 15 ಅಡಿ ಎತ್ತರದ ದೊಡ್ಡ ಬಸವಣ್ಣನ ಮುಂದೆ ಇಂದಿಗೂ ಹೊಸ ಕಾಯಿ ಇಟ್ಟು ಪೂಜೆ ಸಲ್ಲುತ್ತದೆ. ಮುಂಗಾರಿನಲ್ಲಿ ಬಿತ್ತಿದ ಬೆಳೆಯನ್ನು ಕಿತ್ತು, ಬಿಡಿಸಿ, ಕೈಗೆ ನಾಲ್ಕು ಕಾಸು ಕಾಣುವ ಹೊತ್ತಿಗೆ ಸರಿಯಾಗಿ ಈ ಸೋಮವಾರ ಬರುತ್ತದೆ. ಹೀಗಿರುವಾಗ ಆ ಬೆಳೆ ತಂದವರನ್ನೇ ಮೂಲೆಗೆ ತಳ್ಳುವುದು ನ್ಯಾಯವೇ?

ಆಟಿಕೆ ಮಾರುವವರನ್ನು ಓಡಿಸಬೇಕೆಂದು ನಾನು ಹೇಳುತ್ತಿಲ್ಲ. ಅವರದೂ ಹೊಟ್ಟೆಪಾಡು, ಮಕ್ಕಳಿಗೆ ಪೀಪಿ ಇಲ್ಲದ ಪರಿಷೆ ಪರಿಷೆಯೂ ಅಲ್ಲ. ಆದರೆ ರಾಮಕೃಷ್ಣ ಆಶ್ರಮದ ವೃತ್ತದಿಂದ ದೊಡ್ಡ ಗಣಪತಿ ಗುಡಿಯವರೆಗಿನ ರಸ್ತೆಯ ಎರಡೂ ಬದಿಯನ್ನು ಕಡಲೆಕಾಯಿ ಮಾರುವವರಿಗೆ ಮೀಸಲಿಟ್ಟು, ಅದರಲ್ಲೂ ತಾವೇ ಬೆಳೆದು ತಂದವರಿಗೆ ಗುಡಿಯ ಹತ್ತಿರದ ಜಾಗ ಕೊಟ್ಟು, ಉಳಿದ ಅಂಗಡಿಗಳಿಗೆ ಅಡ್ಡರಸ್ತೆಗಳನ್ನು ಗುರುತಿಸಿದರೆ ಯಾರ ವ್ಯಾಪಾರವೂ ಕೆಡುವುದಿಲ್ಲ. ಸುಣ್ಣದಲ್ಲಿ ಗೆರೆ ಎಳೆದು ಜಾಗ ಹಂಚುವುದು ಒಂದು ದಿನದ ಕೆಲಸ.

ಇದಕ್ಕಿಂತಲೂ ತುರ್ತಾದದ್ದು ರಾತ್ರಿಯ ವ್ಯವಸ್ಥೆ. ದೂರದ ಊರುಗಳಿಂದ, ನೆರೆಯ ಆಂಧ್ರ ಮತ್ತು ತಮಿಳುನಾಡಿನಿಂದಲೂ ಬರುವ ಈ ಕುಟುಂಬಗಳು ಎರಡು ಮೂರು ದಿನ ಮೊದಲೇ ಬಂದು, ಕೂಸುಗಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡು, ರಾಶಿಯ ಪಕ್ಕದಲ್ಲೇ ಪಾದಚಾರಿ ಮಾರ್ಗದ ಮೇಲೆ ರಾತ್ರಿ ಕಳೆಯುತ್ತವೆ. ಹೆಂಗಸರು ಶೌಚಕ್ಕೆ ಎಲ್ಲಿಗೆ ಹೋಗಬೇಕೆಂದು ಕೇಳಿದರೆ ಉತ್ತರವಿಲ್ಲ. ನವೆಂಬರಿನಲ್ಲಿ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಬೆಂಗಳೂರಿನಲ್ಲಿ ಜಡಿಮಳೆ ಹಿಡಿಯುವುದು ನಮಗೆಲ್ಲ ಗೊತ್ತು. ರಾತ್ರಿಯಿಡೀ ನೆಂದ ಹಸಿ ಕಾಯಿ ಬೂಷ್ಟು ಹಿಡಿದರೆ ಕೊಳ್ಳುವವರಿರುವುದಿಲ್ಲ, ಲಾರಿ ಬಾಡಿಗೆಯೂ ಹುಟ್ಟುವುದಿಲ್ಲ. ಬ್ಯೂಗಲ್ ರಾಕ್ ಉದ್ಯಾನದ ಬಳಿ ರಾತ್ರಿಯೂ ತೆರೆದಿರುವ ಸಂಚಾರಿ ಶೌಚಾಲಯಗಳು, ಕುಡಿಯುವ ನೀರಿನ ಟ್ಯಾಂಕರ್, ರಾಶಿ ಮುಚ್ಚಲು ಬಾಡಿಗೆಯಿಲ್ಲದೆ ಸಿಗುವ ಟಾರ್ಪಾಲು, ಇಷ್ಟನ್ನು ಪರಿಷೆಯ ಹೊಣೆ ಹೊತ್ತವರು ಒದಗಿಸಬೇಕು. ದೀಪಾಲಂಕಾರಕ್ಕೆ ತೋರುವ ಉತ್ಸಾಹದ ಒಂದು ಪಾಲು ಇದಕ್ಕೆ ಸಾಕು.

ದೀಪಾವಳಿ ಮುಗಿಯುತ್ತಿದ್ದಂತೆ ಕಾರ್ತಿಕ ಆರಂಭವಾಗುವುದರಿಂದ, ಜಾಗದ ಹಂಚಿಕೆ ಹೇಗೆ ನಡೆಯುತ್ತದೆಂಬುದನ್ನು ಹಬ್ಬಕ್ಕೆ ಮೊದಲೇ ಪತ್ರಿಕೆಗಳಲ್ಲಿ ಪ್ರಕಟಿಸಬೇಕೆಂದು ಸಂಬಂಧಪಟ್ಟ ಅಧಿಕಾರಿಗಳನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ಬಸವನಗುಡಿಯ ಹಳೆಯ ನಿವಾಸಿ, ಬೆಂಗಳೂರು